ಕಣ್ಣು ತಪ್ಪಿಸುವ ವಿದ್ಯೆ

ಜಾದೂವೆಂದರೆ ಕೈಚಳಕವೆಂದು ಜನರ ನಂಬಿಕೆ. ನನ್ನ ಮಟ್ಟಿಗೆ ಅದು ಹೆಚ್ಚಾಗಿ ಕಣ್ಣಿನ ಕೆಲಸ.

ಬಲಗೈಯ ನಾಣ್ಯವನ್ನು ಎಡಗೈಗೆ ಹಾಕಿದಂತೆ ತೋರಿಸಿ ಬಲಗೈಯಲ್ಲೇ ಉಳಿಸಿಕೊಳ್ಳುವುದನ್ನು ಯಾರಾದರೂ ಕಲಿತಾರು. ಕಷ್ಟವಿರುವುದು ಆಮೇಲೆ. ಬರಿದಾದ ಎಡಗೈಯನ್ನು, ಅದರಲ್ಲಿ ನಾಣ್ಯವಿದೆಯೆಂಬಂತೆ, ನಾವೇ ನೋಡಬೇಕು. ನಾವು ನೋಡಿದತ್ತ ಸಭೆಯೂ ನೋಡುತ್ತದೆ. ಬಲಗೈಯತ್ತ ಒಮ್ಮೆ ಕಣ್ಣು ಹೊರಳಿತೋ, ಆಟ ಕೆಟ್ಟಿತು! ಆದ್ದರಿಂದ ಮೊದಲು ನಾಣ್ಯವನ್ನು ನಿಜವಾಗಿಯೇ ನೂರು ಸಲ ಎಡಗೈಗೆ ಹಾಕಿ, ಆಗ ಕಣ್ಣು, ಹೆಗಲು, ಬೆರಳುಗಳು ಹೇಗಿರುತ್ತವೆಂದು ಕನ್ನಡಿಯಲ್ಲಿ ಕಂಡುಕೊಂಡು, ಸುಳ್ಳನ್ನೂ ಹಾಗೆಯೇ ಆಡಬೇಕು. ಹಾಸ್ಟೆಲಿನ ಮಿತ್ರರು ಇದನ್ನು ಹುಚ್ಚೆನ್ನುತ್ತಾರೆ, ಎನ್ನಲಿ.

ವೇದಿಕೆಯ ಜಾದೂಗಾರನು ವಂಚಿಸುತ್ತೇನೆಂದು ಹೇಳಿಯೇ ವಂಚಿಸುತ್ತಾನೆ, ಅದು ಕಲೆ. ಹೇಳದೆ ಮಾಡಿದರೆ? ನಮ್ಮ ಬಣಕಲ್ಲಿಗೆ ಕಾಫಿ ಕೊಯ್ಲಿನ ಕಾಲದಲ್ಲಿ, ಬಟವಾಡೆಯ ದಿನವನ್ನೇ ನೋಡಿಕೊಂಡು, ಬರಿಗೈಯಿಂದ ವಿಭೂತಿ ಉದುರಿಸುವವನೊಬ್ಬ ಬಂದಿದ್ದ. ಗಂಜಿಯಲ್ಲಿ ಕಲಸಿ ಒಣಗಿಸಿದ ಬೂದಿಯ ಗುಳಿಗೆಯನ್ನು ಬೆರಳ ಸಂದಿಯಲ್ಲಿಟ್ಟು ಪುಡಿಮಾಡುವುದು ಅದರ ಗುಟ್ಟು. "ದೇವರ ಪಟ ನೋಡಿ" ಎಂದಾಗ ಎಲ್ಲರೂ ಪಟ ನೋಡಿದರು. ಅವನ ಕೈ ಜೋಳಿಗೆಗೆ ಹೋಗಿ ಬಂದದ್ದು ಆಗಲೇ. ಓದು ಬಾರದ ನನ್ನ ಅವ್ವ ವಾರದ ಕೂಲಿಯನ್ನು ಅವನ ತಟ್ಟೆಗೆ ಹಾಕಿದಳು. ಲೆಕ್ಕ ಬಲ್ಲ ರೈಟರೂ ಹಾಕಿದರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದ್ದರು. ಸಮಿತಿಗಳು ಎಸ್ಟೇಟಿನ ಲೈನುಗಳವರೆಗೆ ಬರಲಾರವು, ನಾವು ಹೋಗಬಹುದು. ಮುಂದಿನ ಎನ್.ಎಸ್.ಎಸ್. ಶಿಬಿರದಲ್ಲಿ ಇವನ್ನು ಮಾಡಿ ತೋರಿಸಿ, ಗುಟ್ಟನ್ನೂ ಬಿಡಿಸಿ ಹೇಳಲು ಒಂದು ಸಂಜೆ ಕೊಡಬೇಕೆಂದು ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ. ಗುಳಿಗೆಗಳನ್ನು ನಾನೇ ಮಾಡಿ ತರುತ್ತೇನೆ.