ಹಳೇ ಸಾಲಕ್ಕೆ ಹೊಸ ಟ್ರ್ಯಾಕ್ಟರ್ ಮದ್ದಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆ ಸೋಯಾಬೀನ್ ರಾಶಿ ಮುಗಿದು ಕೈಯಾಗ ನಾಲ್ಕು ದುಡ್ಡು ಬರೋ ಹೊತ್ತಿಗೆ ಎಕ್ಸ್‌ಚೇಂಜ್ ಮಾತು ಶುರುವಾಗ್ತದೆ. "ಹಳೇ ಟ್ರ್ಯಾಕ್ಟರ್ ಬಿಡ್ರಿ, ಹೊಸದು ಒಯ್ರಿ, ಬಾಕಿ ಸಾಲ ನಾವು ನೋಡ್ಕೋತೀವಿ" ಅಂತಾರೆ. ಆ ಬಾಕಿಯನ್ನು ಯಾರೂ ತಮ್ಮ ಕಿಸೆಯಿಂದ ಕಟ್ಟೋದಿಲ್ಲ. ಅದು ಸುತ್ತಿ ಬಂದು ನಿಮ್ಮ ಹೊಸ ಸಾಲದಲ್ಲೇ ಕೂಡ್ತದೆ. ಟ್ರ್ಯಾಕ್ಟರಿಗೆ ಬರೋ ಬೆಲೆಗಿಂತ ಅದರ ಮೇಲಿನ ಸಾಲ ಹೆಚ್ಚಿದ್ದರೆ ಎಕ್ಸ್‌ಚೇಂಜಿಗೆ ಕೈ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ.

ಒಂದು ಲೆಕ್ಕ ನೋಡ್ರಿ. ಸಾಲದ ಬಾಕಿ 4.80 ಲಕ್ಷ, ಗಾಡಿಗೆ ಬರೋ ಬೆಲೆ 3.60 ಲಕ್ಷ ಅಂದುಕೊಳ್ಳಿ. ಕೊರತೆ 1.20 ಲಕ್ಷ. ಇದನ್ನು ಹೊಸ ಸಾಲಕ್ಕೆ ಸೇರಿಸಿ, ವರ್ಷಕ್ಕೆ 14 ಪರ್ಸೆಂಟ್ ಬಡ್ಡಿಯಲ್ಲಿ ಆರು ತಿಂಗಳಿಗೊಂದರಂತೆ 10 ಕಂತು ಕಟ್ಟಿದರೆ, ಈ ಕೊರತೆಗಷ್ಟೇ ಪ್ರತಿ ಕಂತಿಗೆ ಸುಮಾರು 17 ಸಾವಿರ ಬೀಳ್ತದೆ. ಕೊನೆಗೆ ಕಟ್ಟಿದ್ದು ಸುಮಾರು 1.71 ಲಕ್ಷ. ಕೈಬಿಟ್ಟು ಹೋದ ಗಾಡಿಗೆ 51 ಸಾವಿರ ಬಡ್ಡಿ!

ಈ ಕೊರತೆ ಬಹಳ ಮಂದಿಗೆ ಈಗ ಹೆಚ್ಚಾಗಿರೋದಕ್ಕೆ ಒಂದು ಕಾರಣ ಉಂಟು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ತೆರಿಗೆ ಬಿಟ್ಟು 7 ಲಕ್ಷದ ಟ್ರ್ಯಾಕ್ಟರಿಗೆ ಅದು 49 ಸಾವಿರದ ಉಳಿತಾಯ. ಹೊಸದು ಅಗ್ಗ ಆದಾಗ ಹಳೇದರ ಬೆಲೆಯೂ ಜಗ್ಗಿ ಇಳಿಯುತ್ತದೆ. ನಿಮ್ಮ ಸಾಲ ಮಾತ್ರ ಹಳೇ ಬೆಲೆಯದ್ದೇ. ಜಿಎಸ್‌ಟಿ ಇಳೀತು ಅಂತ ಎಕ್ಸ್‌ಚೇಂಜಿಗೆ ಓಡುವವರು ಈ ಎರಡನೇ ಮಗ್ಗಲು ನೋಡಬೇಕು.

ಹಂಗಾದ್ರೆ ಏನ್ ಮಾಡೋದು? ಮೊದಲು ಬ್ಯಾಂಕಿನಿಂದ ಫೋರ್‌ಕ್ಲೋಸರ್ ಲೆಟರ್ ತಗೊಳ್ರಿ. ಅಸಲು, ಬಡ್ಡಿ, ದಂಡ, ಮುಂಚೆ ಮುಗಿಸೋ ಶುಲ್ಕ ಎಲ್ಲಾ ಅದರಲ್ಲಿ ಬರೆದಿರ್ತದೆ. ಆಮೇಲೆ ಮೂರು ಕಡೆ ಗಾಡಿಗೆ ಬೆಲೆ ಕೇಳ್ರಿ. ಹೊಸದರ ದರ ಬೇರೆ, ಹಳೇದರ ದರ ಬೇರೆ ಕಾಗದದ ಮೇಲೆ ಬರೆಸ್ರಿ. ಎರಡನ್ನೂ ಕಲಸಿ ಹೇಳಿದ ಕಡೆನೇ ಕೊರತೆ ಅಡಗಿರ್ತದೆ.

ಗಾಡಿ ಚೆನ್ನಾಗಿ ಓಡ್ತಿದ್ದರೆ ಇಟ್ಕೊಳ್ರಿ. ಸೋಯಾ, ತೊಗರಿ ದುಡ್ಡು ಬಂದಾಗ ಕಂತಿನ ಜೊತೆ ಅಸಲಿಗೂ ಸ್ವಲ್ಪ ಹೆಚ್ಚು ಕಟ್ರಿ. ಕಂತೇ ಭಾರ ಆಗಿದ್ದರೆ ಗಾಡಿ ಮಾರಿ, ಕೊರತೆಯನ್ನು ಬೆಳೆ ದುಡ್ಡಿನಿಂದ ತುಂಬಿ, ಎನ್‌ಒಸಿ ತಗೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸ್ರಿ. ಮುಂದಿನ ಎರಡು ಹಂಗಾಮು ಬಾಡಿಗೆಯಲ್ಲಿ ನಡೀಲಿ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಇದಕ್ಕೇ ಇರೋದು. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳ್ರಿ. ಬಿತ್ತೋ ಹೊತ್ತಿಗೆ ಸರದಿ ಸಿಗೋದು ಕಷ್ಟ, ನಿಜ. ಆದ್ದರಿಂದ ಮೊದಲೇ ಹೆಸರು ಬರೆಸಬೇಕು, ಊರಿನ ಒಬ್ಬ ಟ್ರ್ಯಾಕ್ಟರ್‌ದಾರನ ಜೊತೆನೂ ಮಾತಾಡಿಟ್ಟಿರಬೇಕು.

ವರ್ಷಪೂರ್ತಿ ಕಬ್ಬು ಸಾಗಣೆ, ಬಾಡಿಗೆ ಕೆಲಸ ಇರೋರ ಮಾತು ಬೇರೆ. ಅವರಿಗೆ ಗಾಡಿನೇ ದುಡಿಮೆ. ಅವರೂ ಕೊರತೆಯನ್ನು ಕೈಯಿಂದ ಕಟ್ಟಿ ಹೊಸದು ತರೋದು ಲೇಸು.

"ಮುಂದಿನ ಕಂತು ನಾನೇ ಕಟ್ತೀನಿ" ಅಂದವನಿಗೆ ಬರೀ ನಂಬಿಕೆ ಮೇಲೆ ಗಾಡಿ ಕೊಡಲೇಬೇಡಿ. ಅವನು ಕಟ್ಟದಿದ್ದರೆ ಸಿಬಿಲ್ ಕೆಡೋದು ನಿಮ್ಮದು. ಆರ್‌ಸಿ ನಿಮ್ಮ ಹೆಸರಲ್ಲಿ ಇರೋ ತನಕ ಅಪಘಾತದ ಕೇಸೂ ನಿಮ್ಮ ಮನೆ ಬಾಗಿಲಿಗೇ ಬರ್ತದೆ.

ಅಂಗಳದಲ್ಲಿ ಹೊಸ ಗಾಡಿ ನಿಂತರೆ ಊರಿನ ಕಣ್ಣು ತಂಪಾಗ್ತದೆ, ಖರೆ. ಆದರೆ ಕಂತು ಕಟ್ಟೋಕೆ ಊರು ಬರೋದಿಲ್ಲ. ಸಹಿ ಹಾಕೋ ಮೊದಲು ಮೊಬೈಲ್ ತೆಗೆದು ಸಾಲದ ಬಾಕಿಯಲ್ಲಿ ಗಾಡಿ ಬೆಲೆ ಕಳೆದು ನೋಡ್ರಿ. ಬಾಕಿ ಉಳಿದರೆ ಈ ಸಲ ಎಕ್ಸ್‌ಚೇಂಜ್ ಬೇಡ.