ಬದು ಹಾಕುವ ಮೊದಲು ಮರಳಿನಲ್ಲಿ ನೋಡೋಣ

ನಕ್ಷೆ ಬಿಡಿಸಿ ತೋರಿಸಿದರೆ ನಮ್ಮಂಥ ರೈತರು ತಲೆ ಆಡಿಸುತ್ತೇವೆ. ಅರ್ಥ ಆಗಿ ಅಲ್ಲ, ಅರ್ಥ ಆಗಲಿಲ್ಲ ಅನ್ನೋಕೆ ನಾಚಿಕೆ. 2009ರಲ್ಲಿ ನನ್ನ ಹೊಲಕ್ಕೆ ಬದು ಗುರುತು ಮಾಡಲು ಬಂದವರ ಮುಂದೆ ನಾನೂ ಹಾಗೇ ಮಾಡಿದೆ. ಗುಡ್ಡದ ನೀರು ಎಲ್ಲಿ ನುಗ್ಗುತ್ತದೆ ಅಂತ ನನಗೆ ಗೊತ್ತಿತ್ತು. ಕಾಗದದಲ್ಲಿ ಆ ಜಾಗ ಯಾವುದು ಅಂತ ಗೊತ್ತಾಗಲಿಲ್ಲ. ಒಂದೇ ಮಳೆಗೆ ಬದು ಒಡೆದು ಮೇಲ್ಮಣ್ಣು ಹಳ್ಳ ಸೇರಿತು.

ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ಮರಳಿನ ಪೆಟ್ಟಿಗೆ ತೋರಿಸಿದಳು. ಅಮೆರಿಕದ ಡೇವಿಸ್ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 2012ರ ಸುಮಾರಿಗೆ ತಯಾರಾದದ್ದು. ಇರುವ ವಸ್ತುವಿನ ಮೇಲೆ ಇಲ್ಲದ್ದನ್ನು ಕೂಡಿಸಿ ತೋರಿಸುವ ಈ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಅಂತಾರೆ.

ಪೆಟ್ಟಿಗೆಯ ಮೇಲೆ ಸುಮಾರು 40 ಇಂಚು ಎತ್ತರದಲ್ಲಿ ಕಿನೆಕ್ಟ್ ಎಂಬ ಕ್ಯಾಮೆರಾ. ಅದು ಮೊದಲು ವಿಡಿಯೊ ಆಟಕ್ಕೆಂದು ಬಂದದ್ದು. ಮರಳಿನ ಏರು ತಗ್ಗನ್ನು ಅದು ಅಳೆಯುತ್ತದೆ. ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಪ್ರೊಜೆಕ್ಟರ್ ಮರಳಿನ ಮೇಲೇ ಬಣ್ಣ ಮತ್ತು ಸಮಪಾತಳಿ ಗೆರೆ ಬಿಡುತ್ತದೆ. ಕೈಯಿಂದ ದಿಬ್ಬ ಮಾಡಿದರೆ ಗೆರೆಯೂ ಕೂಡಲೇ ಬದಲಾಗುತ್ತದೆ. ಅಂಗೈ ಬಿಡಿಸಿ ಮೇಲೆ ಹಿಡಿದರೆ ಬೆಳಕಿನ ಮಳೆ ಸುರಿದು ತಗ್ಗು ಹುಡುಕಿ ಹರಿಯುತ್ತದೆ.

ನಮ್ಮ ಕಡೆ ಸಭೆಗಳಲ್ಲಿ ರಂಗೋಲಿಯಿಂದ ಊರಿನ ನಕ್ಷೆ ಬರೆಸುವುದುಂಟು. ಒಳ್ಳೆಯದೇ. ಆದರೆ ರಂಗೋಲಿಗೆ ಏರು ತಗ್ಗು ಇಲ್ಲ, ನೀರು ಓಡುವುದಿಲ್ಲ. ಮರಳಾದರೆ ಓದು ಬಾರದ ಅಜ್ಜಿಯೂ ಕೈ ಹಾಕಿ, “ಇಲ್ಲಿ ಬೇಡ ಕಣಪ್ಪಾ, ನೀರು ಇಲ್ಲೇ ಬರೋದು” ಅನ್ನಬಹುದು.

ಕೊರತೆಯೂ ಇದೆ. ಆ ಪೆಟ್ಟಿಗೆಗೆ ಎರೆ ಯಾವುದು, ಕೆಂಪು ಮಣ್ಣು ಯಾವುದು ಗೊತ್ತಿಲ್ಲ. ಎಷ್ಟು ನೀರು ಇಂಗುತ್ತದೆ, ಬದು ತಡೆಯುತ್ತದೋ ಇಲ್ಲವೋ ಅದು ಹೇಳದು. ನಮ್ಮ ಹೊಲದ ಆಕಾರವನ್ನೂ ನಾವೇ ಮಾಡಿಕೊಡಬೇಕು. ಹಾಗಾಗಿ ಅಳತೆ ಮಾಡುವ ಎಂಜಿನಿಯರು ಬೇಕೇ ಬೇಕು. ಆದರೆ ಅವರೂ ನಾವೂ ಒಂದೇ ಹೊಲ ನೋಡಿ ಮಾತಾಡಬಹುದಲ್ಲ?

ಇದರ ಸಾಫ್ಟ್‌ವೇರನ್ನು ಆ ಪ್ರಯೋಗಾಲಯ ಎಲ್ಲರಿಗೂ ಪುಕ್ಕಟೆ ಕೊಟ್ಟಿದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಇಂಥ ಪೆಟ್ಟಿಗೆ ಮಾಡಿ ಕೃಷಿಮೇಳದಲ್ಲಿ ತೋರಿಸಿದರೆ ಸಾಲದು. ಬದುವಿನ ಕೆಲಸ ಶುರುವಾಗುವ ಮೊದಲು ಊರಿಗೆ ತರಬೇಕು. ಹೋದ ಮಣ್ಣು ನನಗಂತೂ ಮರಳಿ ಬರಲ್ಲ.

ಯಾರಾದರೂ ಇಂಥದ್ದನ್ನು ಊರಿನಲ್ಲಿ ಮಾಡಿ ನೋಡಿದ್ದರೆ ಪತ್ರಿಕೆಗೆ ಬರೆಯಿರಿ.