ಖಾಕಿ ಕನಸಿಗೆ ಓಟವೊಂದೇ ಸಾಲದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರಿಗೆ ಓಡೋದನ್ನು ಯಾರೂ ಕಲಿಸಬೇಕಿಲ್ಲ ಸ್ವಾಮಿ, ಗುಡ್ಡ ಹತ್ತಿಳಿದ ಕಾಲು! ಪೊಲೀಸ್ ಕಾನ್‌ಸ್ಟೇಬಲ್ ಆಗಲು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಸರಿ, ಮುಗಿಸಿಯಾರು. ಆದರೆ ಅದಕ್ಕೂ ಮೊದಲು 100 ಅಂಕದ ಲಿಖಿತ ಪರೀಕ್ಷೆ ಉಂಟಲ್ಲ? ತಪ್ಪು ಉತ್ತರಕ್ಕೆ ಕಾಲು ಅಂಕ ಖೋತಾ. ಅಲ್ಲಿ ಎಡವಿದವನ ಓಟ ನೋಡೋರು ಯಾರು?

ಸೈನ್ಯಕ್ಕೆ ಹೋಗೋಣವೆಂದರೆ, 2022ರ ಅಗ್ನಿಪಥದಲ್ಲಿ ನೌಕರಿ ನಾಲ್ಕೇ ವರ್ಷ. ಆಮೇಲೆ ಉಳಿಯೋರು ಹೆಚ್ಚೆಂದರೆ ನೂರಕ್ಕೆ 25.

ಕೋಚಿಂಗಿಗೆಂದು ಧಾರವಾಡದಲ್ಲಿ ರೂಮು ಹಿಡಿಯಲು ಕೂಲಿಯವರ ಮಕ್ಕಳಿಗೆ ಸಾಧ್ಯವೆ? ಊರಿನ ಗ್ರಂಥಾಲಯದಲ್ಲೇ ಸಂಜೆ ಎರಡು ತಾಸು ಜಾಗ ಕೊಡಲಿ. ನಿವೃತ್ತ ಮೇಷ್ಟ್ರು ಲೆಕ್ಕ ಹೇಳಿಕೊಡಲಿ. ಹಳೇ ಪ್ರಶ್ನೆಪತ್ರಿಕೆಗಳ ಖರ್ಚನ್ನು ಪೇಟೆಯ ಅಂಗಡಿಕಾರರು ಹೊರಲಿ. ಕೊನೇ ಬಸ್ಸಿಗೆ ಮೊದಲು ಪಾಠ ಮುಗಿಯಲಿ, ಅಷ್ಟೇ. ಸಂಬಂಧಪಟ್ಟವರು ಕಿವಿಗೊಡುವರೇ?